ನಾಲ್ಕನೇ ದೋಣಿಗೆ ಬಿಟ್ಟ ಜಾಗ

ಹೋದ ತಿಂಗಳು ಅಂಕೋಲಾ ಕಡೆಯಿಂದ ಒಬ್ರು ಫೋನ್ ಮಾಡಿದ್ರು. ಅಕ್ಕೋರೆ, ನಿಮ್ಮ ಕಡೆ ಒಂದು ಕೇರೀಲಿ ತೀರಿಹೋದವರ ನೆನಪಿಗೆ ಬಿಳಿ ಕೆಂಪು ಚಿತ್ರದ ಕಾವಿ ಗೋಡೆ ಮಾಡಿದ್ರಂತಲ್ಲ, ಅದನ್ನ ಹೆಂಗೆ ಮಾಡಿದ್ರಿ, ನಮ್ಮೂರಲ್ಲೂ ಏನಾದ್ರೂ ಮಾಡ್ಬೇಕು ಅಂತ ಹುಡುಗ್ರು ಹೇಳ್ತಾ ಇದಾರೆ ಅಂದ್ರು. ಅರ್ಧ ತಾಸು ಮಾತಾಡಿದೆ. ಸುಣ್ಣ ಎಷ್ಟು, ಮರಳು ಎಷ್ಟು, ಬೆಲ್ಲದ ನೀರು ಯಾವಾಗ ಹಾಕ್ಬೇಕು ಎಲ್ಲಾ ಹೇಳಿದೆ. ಫೋನ್ ಇಟ್ಟ ಮೇಲೆ ನೋಡಿದ್ರೆ ಮುಖ್ಯವಾದ್ದೇ ಹೇಳಿಲ್ಲ, ಯಾರನ್ನ ಮೊದಲು ಕೇಳ್ಬೇಕು, ಯಾವಾಗ ಸುಮ್ನೆ ಕೂತಿರಬೇಕು ಅನ್ನೋದು. ಅದಕ್ಕೇ ಕೂತು ಬರೀತಾ ಇದೀನಿ, ಅವರಿಗೂ ಆಯ್ತು, ಬೇರೆ ಯಾರಿಗಾದ್ರೂ ಬೇಕಾದ್ರೂ ಆಯ್ತು.

ನಾನು ಹೈಸ್ಕೂಲಲ್ಲಿ ಡ್ರಾಯಿಂಗ್ ಟೀಚರ್. ಕೇರಿ ಇರೋದು ಕುಮಟಾ ತಾಲೂಕಲ್ಲಿ, ಅಳಿವೆ ಹತ್ರ, ಅಂದ್ರೆ ಹೊಳೆ ಸಮುದ್ರ ಸೇರೋ ಕಡೆ. ಊರ ಹೆಸರು, ಮನೆಯವರ ಹೆಸರು ಯಾವುದೂ ಹಾಕಲ್ಲ, ಅವರೇ ಬ್ಯಾಡ ಅಂದಿದಾರೆ. ಕೆಲವು ವರ್ಷದ ಹಿಂದೆ ಆಗಸ್ಟ್ ಮೊದಲ ವಾರ, ಸಮುದ್ರ ಇನ್ನೂ ತಣ್ಣಗಾಗಿರಲಿಲ್ಲ, ಐದು ಜನ ಒಂದು ದೋಣೀಲಿ ಬಲೆ ಹಾಕೋಕೆ ಹೋದ್ರು. ಅಳಿವೆ ಬಾಯಲ್ಲಿ ಮರಳಿನ ದಿಬ್ಬ ಪ್ರತಿ ಮಳೆಗಾಲ ಜಾಗ ಬದಲಿಸ್ತದೆ, ಹೋದ ವರ್ಷ ದಾರಿ ಇದ್ದಲ್ಲಿ ಈ ವರ್ಷ ದಾರಿ ಇರಲ್ಲ, ಅಲ್ಲೇ ಅಲೆ ಎದ್ದು ದೋಣಿ ಮಗುಚಿತು. ಒಬ್ಬ ಈಜಿ ದಡಕ್ಕೆ ಬಂದ. ಮೂರು ಜನರ ದೇಹ ಎರಡು ದಿನದಲ್ಲಿ ಸಿಕ್ತು. ನಾಲ್ಕನೇಯವ್ರು ಸಿಗಲೇ ಇಲ್ಲ, ಇವತ್ತಿನವರೆಗೂ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇಂಥದ್ದು ಹೊಸದಲ್ಲ. 2009ರ ಅಕ್ಟೋಬರ್ 2ಕ್ಕೆ ಕಾರವಾರದ ಕಡವಾಡ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಹೋದ್ರು. 2019ರ ಜನವರಿ 21ಕ್ಕೆ ಕೂರ್ಮಗಡ ನಡುಗಡ್ಡೆಯ ನರಸಿಂಹ ದೇವರ ಜಾತ್ರೆ ಮುಗಿಸಿ ಬರ್ತಾ ಇದ್ದ ದೋಣಿ ಮಗುಚಿ 16 ಜನ, ಅದ್ರಲ್ಲಿ ಚಿಕ್ಕ ಮಕ್ಕಳೂ ಇದ್ರು. 2024ರ ಜುಲೈ 16ಕ್ಕೆ ಶಿರೂರು, ಅದನ್ನಂತೂ ಎಲ್ರೂ ಟೀವಿಲಿ ನೋಡಿದೀರಿ, ಹೆದ್ದಾರಿ 66ರ ಮೇಲೆ ಗುಡ್ಡ ಬಂದು ಗಂಗಾವಳಿಗೆ ಬಿತ್ತು, ನದಿ ನೀರು ಎದ್ದು ಆಚೆ ದಡದ ಉಳುವರೆ ಮನೆಗಳಿಗೆ ಹೊಡೀತು, ಕೇರಳದ ಲಾರಿ ಡ್ರೈವರ್ ದೇಹ ಗೋವಾದಿಂದ ಡ್ರೆಜ್ಜರ್ ತರಿಸಿದ ಮೇಲೆ 72ನೇ ದಿನ ಸಿಕ್ತು. ಇಂಥದ್ದು ಆದಾಗ ಮೊದಲ ಹದಿನೈದು ದಿನ ಕ್ಯಾಮರಾ ಇರ್ತದೆ, ಮಂತ್ರಿಗಳು ಬರ್ತಾರೆ, ಪರಿಹಾರದ ಚೆಕ್ ಬರ್ತದೆ. ಆಮೇಲೆ ಆ ಮನೆಯವರು, ಆ ಮನೆಯ ಗೋಡೆ, ಅಷ್ಟೇ. ನಾನು ಹೇಳ್ತಾ ಇರೋದು ಆ "ಆಮೇಲೆ" ಬಗ್ಗೆ.

ನಮ್ಮ ಕೇರೀಲಿ ಮೊದಲು ಬಂದಿದ್ದು ಫ್ಲೆಕ್ಸ್. ಮೂರನೇ ದಿನಕ್ಕೇ ಕ್ರಾಸ್ ಹತ್ರ ಕಟ್ಟಿದ್ರು, ಭಾವಪೂರ್ಣ ಶ್ರದ್ಧಾಂಜಲಿ ಅಂತ. ಕಟ್ಟಿಸಿದವರ ಫೋಟೋ ಮೇಲೆ ದೊಡ್ಡದಾಗಿ, ಹೋದವರ ಫೋಟೋ ಕೆಳಗೆ, ಆಧಾರ್ ಕಾರ್ಡಿಂದ ತೆಗೆದಿದ್ದು, ಹಿಗ್ಗಿಸಿ ಹಿಗ್ಗಿಸಿ ಮುಖವೇ ಗೊತ್ತಾಗ್ತಾ ಇರಲಿಲ್ಲ. ಸಿಗದೇ ಇದ್ದವರ ಫೋಟೋನೂ ಅದ್ರಲ್ಲೇ ಹಾಕಿಬಿಟ್ಟಿದ್ರು. ಅವರ ಹೆಂಡತಿ ದಿನಾ ಮೀನು ಮಾರೋಕೆ ಹೋಗೋದು ಅದೇ ಕ್ರಾಸಲ್ಲಿ. ಆರು ತಿಂಗಳು ಅವ್ರು ಗದ್ದೆ ಹಾಳಿ ಮೇಲೆ ಬುಟ್ಟಿ ಹೊತ್ತು ಸುತ್ತು ಹಾಕಿ ಹೋದ್ರು ಅಂತ ನನಗೆ ಆಮೇಲೆ ಗೊತ್ತಾಗಿದ್ದು. ಯಾರೂ ಕೆಟ್ಟದ್ದು ಮಾಡ್ಬೇಕು ಅಂತ ಮಾಡಿದ್ದಲ್ಲ, ಆದ್ರೆ ಒಂದು ಮಾತು ಕೇಳಿ ಮಾಡ್ಬಹುದಿತ್ತು.

ನಾನೂ ತಪ್ಪು ಮಾಡಿದೆ. ಎರಡನೇ ತಿಂಗಳಿಗೇ ಒಂದು ಭಾನುವಾರ ಕ್ರಯಾನ್ಸ್, ಡ್ರಾಯಿಂಗ್ ಶೀಟ್ ಕಟ್ಟಿಕೊಂಡು ಕೇರಿಗೆ ಹೋದೆ. ಮಕ್ಕಳು ಚಿತ್ರ ಬರೆದ್ರೆ ಮನಸ್ಸು ಹಗುರ ಆಗ್ತದೆ ಅಂತ ಓದಿದ್ದೆ, ಅದನ್ನೇ ಹಿಡ್ಕೊಂಡು ಹೋಗಿ, ಬನ್ನಿ ಅವತ್ತು ಏನಾಯ್ತು ಅಂತ ಬರೀರಿ ಅಂದೆ. ಏಳನೇ ಕ್ಲಾಸಿನ ಹುಡುಗ ಒಬ್ಬ ಶೀಟ್ ಹಿಡ್ಕೊಂಡು ಸುಮ್ನೆ ಕೂತ. ಇನ್ನೊಂದು ಮಗು ಎದ್ದು ಹೋಗಿ ವಾಂತಿ ಮಾಡ್ತು. ಅಲ್ಲೇ ಬಾಗಿಲಲ್ಲಿ ಕೂತಿದ್ದ ಒಬ್ಬ ಆಯಿ, ದನಿ ಏರಿಸ್ಲೂ ಇಲ್ಲ, "ಅಕ್ಕೋರೆ, ಆ ಪೋರಗಳು ಮೊನ್ನೆಯಿಂದ ಅಷ್ಟೇ ರಾತ್ರಿ ನಿದ್ದೆ ಮಾಡೂಕೆ ಹಿಡಿದಾವೆ. ನೀವು ಮತ್ತೆ ಎಬ್ಬಿಸಬೇಡಿ" ಅಂದ್ರು. ಶೀಟ್ ಎಲ್ಲಾ ವಾಪಸ್ ಕಟ್ಟಿಕೊಂಡು ಬಂದೆ. ಆಮೇಲೆ ಹುಡುಕಿ ಓದಿದ್ರೆ ವಿಶ್ವ ಆರೋಗ್ಯ ಸಂಸ್ಥೆಯವರು 2011ರಲ್ಲೇ ಮಾಡಿದ ಕೈಪಿಡೀಲಿ ಅದೇ ಅದೆ, ದುರಂತ ಆದವರ ಹತ್ರ ಏನಾಯ್ತು ಹೇಳು ಹೇಳು ಅಂತ ಒತ್ತಾಯ ಮಾಡ್ಬೇಡಿ, ಹತ್ರ ಇರಿ, ಊಟ ನೀರು ನೋಡಿ, ಅವ್ರಾಗೇ ಮಾತಾಡಿದ್ರೆ ಕೇಳಿ ಅಂತ. ಆ ಆಯಿ ಹೇಳಿದ್ದೂ ಅದನ್ನೇ.

ಹಾಗಾಗಿ ಮೊದಲ ವರ್ಷ ನಾನು ಚಿತ್ರಕ್ಕೆ ಸಂಬಂಧಪಟ್ಟ ಯಾವ ಕೆಲಸಾನೂ ಮಾಡ್ಲಿಲ್ಲ. ಭಾನುವಾರ ಹೋಗೋದು, ಬಲೆ ರಿಪೇರಿ ಮಾಡೋ ಚಪ್ಪರದಲ್ಲಿ ಹೆಂಗಸ್ರ ಜೊತೆ ಕೂರೋದು. ಬಳಚು, ಅಂದ್ರೆ ಚಿಪ್ಪಿಮೀನು, ಒಡೆಯೋಕೆ ಕೂತ್ರೆ ಬಳಚು ಒಡೆಯೋದು. ನಂಗೆ ಕೈ ಅಭ್ಯಾಸ ಇಲ್ಲ, ಅವರು ಒಂದು ಬುಟ್ಟಿ ಮುಗಿಸೋದ್ರೊಳಗೆ ನಾನು ಒಂದು ಪಾತ್ರೆ. ಆದ್ರೆ ಕೂತಿದ್ದಕ್ಕೆ ಬಹಳ ಕೇಳ್ಸಿಕೊಂಡೆ. ಯಾರ ಮನೇಲಿ ಇನ್ನೂ ಐದನೇ ತಟ್ಟೆ ಇಡ್ತಾರೆ, ಯಾರ ಅಂಗಿ ಇನ್ನೂ ತೊಳೀದೇ ಮೊಳೆಗೆ ತೂಗಿ ಅದೆ, ಇಂಥದ್ದು. ನೋಟ್ ಪುಸ್ತಕ ತಗೊಂಡು ಹೋಗಿದ್ರೆ ಒಂದೂ ಕೇಳ್ತಾ ಇರಲಿಲ್ಲ.

ವರ್ಷಾಂತ ಮುಗಿದ ಮೇಲೆ ತೀರಿಹೋದ ಒಬ್ಬನ ತಂಗಿ ಅವಳಾಗೇ ಕೇಳಿದ್ಲು, "ಫ್ಲೆಕ್ಸ್ ಅಂತೂ ಗಾಳಿಗೆ ಹರಿದು ಹೋಯ್ತು ಅಕ್ಕೋರೆ, ಮಳೆಗೆ ಹೋಗ್ದೆ ಇರೋದು ಏನಾದ್ರೂ ಅದ್ಯಾ?" ನನಗೆ ಅಷ್ಟು ಬೇಕಿತ್ತು. ಫೋನ್ ಮಾಡಿದವರಿಗೆ ನಾನು ಮೊದಲು ಹೇಳ್ಬೇಕಿದ್ದ ಮಾತು ಇದೇ, ಆ ಮನೆಯವರು ಬಾಯಿ ಬಿಟ್ಟು ಕೇಳೋ ತನಕ ಒಂದು ಕಲ್ಲೂ ಇಡಬೇಡಿ. ವರ್ಷ ಆಗ್ಲಿ, ಎರಡು ವರ್ಷ ಆಗ್ಲಿ. ಕೇಳದೇ ಇದ್ರೆ ಬಿಟ್ಟುಬಿಡಿ.

ಏನು ಮಾಡೋದು ಅಂತ ನಾಲ್ಕು ಮೀಟಿಂಗ್ ಆಯ್ತು. ಕರಿ ಗ್ರಾನೈಟ್ ಮೇಲೆ ಹೆಸರು ಕೆತ್ತಿಸೋಣ ಅಂದ್ರು ಕೆಲವ್ರು. ಗ್ರಾನೈಟ್ ಕೆಟ್ಟದ್ದಲ್ಲ, ಆದ್ರೆ ಅಂಗಡಿಗೆ ಆರ್ಡರ್ ಕೊಟ್ರೆ ಎಂಟು ದಿನದಲ್ಲಿ ಬಂದುಬಿಡ್ತದೆ, ಕೇರಿಯವರು ಮಾಡೋ ಕೆಲಸ ಅಂದ್ರೆ ರಿಬ್ಬನ್ ಕತ್ತರಿಸೋದೊಂದೇ. ನಾನು ಕಾವಿ ಹೇಳಿದೆ. ನಮ್ಮ ಕರಾವಳಿಯ ಹಳೇ ದೇವಸ್ಥಾನದ ಗೋಡೆ ಮೇಲೆ ಬಿಳಿ ಕೆಂಪು ಚಿತ್ರ ಇರ್ತದಲ್ಲ, ಅಂಕೋಲಾ, ಕುಮಟಾ, ಗೋಕರ್ಣ ಕಡೆಗೆಲ್ಲ ಇತ್ತು, ಗೋವಾದಲ್ಲೂ ಅದೆ, ಜೀರ್ಣೋದ್ಧಾರ ಮಾಡೋವಾಗ ಎಷ್ಟೋ ಕಡೆ ಕೆರೆದು ಟೈಲ್ಸ್ ಹಾಕಿಬಿಟ್ರು, ಅದೇ ಕಾವಿ ಕಲೆ. ಹೊನ್ನಾವರದ ಕೃಷ್ಣಾನಂದ ಕಾಮತರು ಅದರ ಬಗ್ಗೆ ಊರೂರು ಸುತ್ತಿ ಬರೆದಿಟ್ಟಿದ್ದಕ್ಕೆ ನಮಗೆಲ್ಲ ಅಷ್ಟಾದ್ರೂ ಗೊತ್ತಿರೋದು. ಬಿಳಿ ಅಂದ್ರೆ ಚಿಪ್ಪಿನ ಸುಣ್ಣ, ಕೆಂಪು ಅಂದ್ರೆ ಕೆಮ್ಮಣ್ಣು. ಚಿಪ್ಪಿ ಅಂದ್ರೆ ಅದೇ ಬಳಚಿನ ಚಿಪ್ಪಿ, ಆ ಹೆಂಗಸ್ರು ಇಳಿತದಲ್ಲಿ ಸೊಂಟದ ಮಟ್ಟ ನೀರಲ್ಲಿ ನಿಂತು ಹೆಕ್ಕಿ ತರೋದು. ಇದನ್ನ ಹೇಳಿದಾಗ ಒಬ್ಬಾಕೆ, "ಹಂಗಾದ್ರೆ ಸುಣ್ಣ ಕೊಂಡು ತರೋದು ಬ್ಯಾಡ, ನಮ್ಮ ಹಿತ್ತಲಲ್ಲೇ ರಾಶಿ ಬಿದ್ದದೆ" ಅಂದ್ರು. ಅಲ್ಲಿಗೆ ತೀರ್ಮಾನ ಆಯ್ತು.

ದುಡ್ಡಿನ ವಿಷಯ. ಒಬ್ರು ದೊಡ್ಡ ಮೊತ್ತ ಕೊಡ್ತೀವಿ ಅಂದ್ರು, ಗೋಡೆ ಮೇಲೆ ದಾನಿಗಳ ಹೆಸರು ಬರಬೇಕು ಅಂದ್ರು. ಫ್ಲೆಕ್ಸ್ ನೋಡಿದ ಮೇಲೆ ಕೇರಿಯವರಿಗೆ ಅದು ಬೇಡ ಅನ್ನಿಸಿತ್ತು, ಕೈಮುಗಿದು ಬಿಟ್ರು. ಮನೆಗೆ ಐವತ್ತು, ನೂರು ಅಂತ ಎತ್ತಿದ್ರು. ಚಿರೆಕಲ್ಲು ಒಬ್ರ ಮನೆ ಕಟ್ಟಿ ಉಳಿದಿದ್ದು, ಹಂಚು ಹಳೇ ಶಾಲೆಯದ್ದು. ಒಟ್ಟು ಇಪ್ಪತ್ತು ಸಾವಿರದೊಳಗೆ ಮುಗೀತು.

ಜಾಗಕ್ಕೆ ಮಾತ್ರ ಬಹಳ ಚರ್ಚೆ ಆಯ್ತು. ಗಂಡಸ್ರು ದೋಣಿ ಹಚ್ಚೋ ಜಾಗದಲ್ಲೇ ಆಗ್ಲಿ ಅಂದ್ರು, ಎಲ್ರಿಗೂ ಕಾಣ್ತದೆ ಅಂತ. ಹೆಂಗಸ್ರು ಬ್ಯಾಡವೇ ಬ್ಯಾಡ ಅಂದ್ರು. ದಿನಾ ಬೆಳಗಾದ್ರೆ ಮಗನ್ನ ಸಮುದ್ರಕ್ಕೆ ಕಳಿಸೋವಾಗ ಅದನ್ನ ನೋಡಿ ಕಳಿಸೋದು ಹೆಂಗೆ ಅಂತ. ನೋಡ್ಬೇಕು ಅಂದವರು ನೋಡೋ ಹಾಗೆ, ನೋಡಬಾರದು ಅಂದವರು ದಾಟಿ ಹೋಗೋ ಹಾಗೆ ಇರ್ಲಿ ಅನ್ನೋದು ಅವರ ಮಾತು, ನನಗೆ ಅದಕ್ಕಿಂತ ಸರಿಯಾದ ಮಾತು ಇನ್ನೂ ಸಿಕ್ಕಿಲ್ಲ. ಕೊನೆಗೆ ಬಲೆ ಚಪ್ಪರದ ಹಿಂದೆ, ಹೊನ್ನೆ ಮರದ ಹತ್ರ ಆಯ್ತು. ಚಿತ್ರದ ಮುಖ ಪೂರ್ವಕ್ಕೆ, ಪಶ್ಚಿಮದ ಮಳೆ ಬಡೀಬಾರದು ಅಂತ. ಹದಿನಾಲ್ಕು ಅಡಿ ಉದ್ದ, ಐದು ಅಡಿ ಎತ್ತರ, ಮೇಲೆ ಎರಡೂ ಕಡೆ ಹಂಚಿನ ಮಾಡು.

ಇನ್ನು ಸುಣ್ಣ. ಇದನ್ನ ಸ್ವಲ್ಪ ವಿವರವಾಗಿ ಬರೀತೀನಿ. ನಮ್ಮ ಗವಂಡಿ ಅಜ್ಜ ಒಬ್ರು ಇದ್ರು, ಅವರ ಅಪ್ಪ ದೇವಸ್ಥಾನದ ಗೋಡೆಗೆ ಕಾವಿ ಕೆಲಸ ಮಾಡಿದ್ದು ಸಣ್ಣವರಿದ್ದಾಗ ನೋಡಿದವರು. ಅವರು ಹೇಳಿದ ಹಾಗೆ ಚಿಪ್ಪಿ ತೊಳೆದು ಸುಟ್ಟು, ನೀರು ಹಾಕಿ ಅರಳಿಸಿ, ಬಟ್ಟೇಲಿ ಸೋಸಿ, ಹೊಳೆ ಮರಳು ಉಪ್ಪು ಹೋಗೋ ತನಕ ಸಿಹಿ ನೀರಲ್ಲಿ ತೊಳೆದು ಸೇರಿಸಿ, ಬೆಲ್ಲದ ನೀರು ಹಾಕಿ ಹದಿನೈದು ದಿನ ಕೊಳೆ ಹಾಕಿದ್ವಿ. ಹುಳಿ ವಾಸನೆ ಬರ್ತದೆ, ಹೆದರಬೇಡಿ. ಆಮೇಲೆ ಕುಟ್ಟಬೇಕು. ಒರಳಲ್ಲಿ ಒನಕೆಯಿಂದ, ಬೆಣ್ಣೆ ಹಾಗೆ ಆಗೋ ತನಕ. ಮಿಕ್ಸರ್ ಮಿಷನ್ ತರೋಣ್ವ ಅಂತ ಒಬ್ಬ ಹುಡುಗ ಕೇಳಿದ, ಅಜ್ಜ ಬ್ಯಾಡ ಅಂದ್ರು, ನಾನೂ ಬ್ಯಾಡ ಅಂದೆ, ಅಜ್ಜ ಹೇಳಿದ್ದು ಸುಣ್ಣದ ಹದಕ್ಕೆ, ನಾನು ಹೇಳಿದ್ದು ಬೇರೆ ಕಾರಣಕ್ಕೆ.

ಈಜಿ ದಡಕ್ಕೆ ಬಂದವ ಇದ್ನಲ್ಲ, ಅಂವ ವರ್ಷಕ್ಕೂ ಹೆಚ್ಚು ಸಮುದ್ರದ ಕಡೆ ತಲೆ ಹಾಕಿರಲಿಲ್ಲ. ಗಾರೆ ಕೆಲಸಕ್ಕೆ ಹೋಗ್ತಿದ್ದ, ಸಂಜೆ ಕತ್ತಲಾದ ಮೇಲೆ ಮನೆಗೆ ಬರ್ತಿದ್ದ, ಯಾರ ಮನೆಗೂ ಹೋಗ್ತಿರಲಿಲ್ಲ. ಉಳಿದವ ತಾನೊಬ್ಬ ಅನ್ನೋದು ಅವನಿಗೆ ತಪ್ಪು ಮಾಡಿದ ಹಾಗೆ ಆಗಿತ್ತು. ಕುಟ್ಟೋ ಕೆಲಸ ಶುರುವಾಗಿ ಮೂರನೇ ಸಂಜೆ ಅಂವ ಬಂದ. ಬಾ ಅಂತ ಯಾರೂ ಕರೀಲಿಲ್ಲ, ಯಾಕೆ ಬಂದೆ ಅಂತ್ಲೂ ಕೇಳ್ಲಿಲ್ಲ. ಒಬ್ಬಳು ಹೆಂಗಸು ಕೈ ಸೋತು ಒನಕೆ ಗೋಡೆಗೆ ಒರಗಿಸಿದ್ಲು, ಅಂವ ಅದನ್ನ ತಗೊಂಡು ಕುಟ್ಟೋಕೆ ಶುರು ಮಾಡಿದ. ಎದುರುಗಡೆ ಕುಟ್ತಾ ಇದ್ದದ್ದು ತೀರಿಹೋದ ಒಬ್ಬರ ಅಣ್ಣ. ಒಂದೇ ಒರಳಿಗೆ ಇಬ್ರು ಕುಟ್ಟೋವಾಗ ಲೆಕ್ಕ ತಪ್ಪಿದ್ರೆ ಒನಕೆಗೆ ಒನಕೆ ಬಡೀತದೆ, ಹಾಗಾಗಿ ಒಬ್ರನ್ನೊಬ್ರು ನೋಡಲೇಬೇಕು, ಉಸಿರು ಹೊಂದಿಸಲೇಬೇಕು. ಅರ್ಧ ತಾಸು ಕುಟ್ಟಿದ್ರು. ಮಾತು ಒಂದೂ ಇಲ್ಲ. ಕೊನೆಗೆ ಅಣ್ಣ ಬೆವರು ಒರೆಸಿಕೊಂಡು "ನಾಳೆ ಬೇಗ ಬಾ" ಅಂದ್ರು. ಅದಾದ ಮೇಲೆ ಹನ್ನೊಂದು ಸಂಜೆ, ಒಂದು ದಿನಾನೂ ಅಂವ ತಪ್ಪಿಸಲಿಲ್ಲ. ಕೌನ್ಸೆಲಿಂಗ್‌ಗೆ ಕಳಿಸಿ ಅಂತ ನಾನು ಅವರ ಮನೆಯವರಿಗೆ ಎಷ್ಟೋ ಸಲ ಹೇಳಿದ್ದೆ, ಅಂವ ಒಪ್ಪಿರಲಿಲ್ಲ. ಆ ತಿಂಗಳು ಅವನೇ ಕೇಳಿದ, ಆ ಡಾಕ್ಟರ್ ಯಾವ ವಾರ ಬರ್ತಾರೆ ಅಂತ.

ಇನ್ನೊಂದು ಆಗಿದ್ದು ಹೇಳ್ಬೇಕು. ಕುಟ್ಟೋ ಲಯಕ್ಕೆ ಒಬ್ಬ ಮುದುಕಿಗೆ ಗೊತ್ತಿಲ್ದೆ ಬಾಯಿಗೆ ಹಾಡು ಬಂತು, ಭತ್ತ ಕುಟ್ಟೋ ಹಾಡು. ಎರಡು ಸಾಲು ಹೇಳಿ ತಟ್ಟನೆ ನಿಲ್ಲಿಸಿದ್ರು, ತೀರಿಹೋದವರ ಕೆಲಸದಲ್ಲಿ ಹಾಡೋದು ಏನಪ್ಪಾ ಅಂತ ಅವರಿಗೇ ಕಸಿವಿಸಿ ಆಯ್ತು. ಎಲ್ರೂ ಸುಮ್ಮನಾದ್ರು. ಆಗ ಮಗನ್ನ ಕಳಕೊಂಡ ಆಯಿನೇ ಅಂದಿದ್ದು, "ಹಾಡೆ, ಕುಟ್ಟೂ ಹಾಡು ಯಾವ ದಿನಕ್ಕಾದ್ರೂ ಆಗ್ತದೆ." ಅವತ್ತಿಂದ ದಿನಾ ಹಾಡಿದ್ರು. ನಾನು ರೆಕಾರ್ಡ್ ಮಾಡ್ಲಿಲ್ಲ. ಮಾಡ್ಬೇಕಿತ್ತು ಅಂತ ನಮ್ಮ ಶಾಲೆಯವರೊಬ್ರು ಹೇಳಿದ್ರು. ಮೊಬೈಲ್ ಎತ್ತಿದ್ರೆ ಆ ಹಾಡು ನಿಂತುಬಿಡ್ತಿತ್ತು ಅಂತ ನನಗೆ ಗೊತ್ತು.

ಮೊದಲನೇ ಸಲ ಹಚ್ಚಿದ ಪ್ಲಾಸ್ಟರ್ ಬಿರುಕು ಬಿಡ್ತು. ಮಾರ್ಚ್ ಬಿಸಿಲು, ನಾವು ಅವಸರ ಮಾಡಿದ್ವಿ, ಗೋಡೆ ನೆನೆಸದೇ ಹಚ್ಚಿದ್ವಿ. ಮೂರನೇ ದಿನ ನೋಡಿದ್ರೆ ಒಣಗಿದ ಕೆರೆ ತಳದ ಹಾಗೆ. ಮಕ್ಕಳಿಗೆ ಬಹಳ ಬೇಜಾರಾಯ್ತು. ಅಜ್ಜ ಕೈಯಿಂದ ತಟ್ಟಿ ನೋಡಿ, ಪೊಳ್ಳು ಶಬ್ದ ಬರೋ ಕಡೆಯೆಲ್ಲ ಕಿತ್ತು ಹಾಕಿಸಿದ್ರು. ಎರಡನೇ ಸಲ ಗೋಡೆಗೆ ಎರಡು ದಿನ ನೀರು ಹೊಡೆದು, ಬೆಳಿಗ್ಗೆ ಬೇಗ ಹಚ್ಚಿ, ಗೋಣಿತಾಟು ನೆನೆಸಿ ಹೊದಿಸಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿದ್ವಿ. ಸಿಮೆಂಟ್ ಸೇರಿಸಿ ಅಂತ ಬಹಳ ಜನ ಹೇಳ್ತಾರೆ, ಸೇರಿಸಬೇಡಿ, ಉಪ್ಪು ಗಾಳೀಲಿ ಚಿರೆಕಲ್ಲಿಗೆ ಸುಣ್ಣವೇ ಒಗ್ಗೋದು, ಸಿಮೆಂಟ್ ಹಾಕಿದ್ರೆ ಒಳಗಿನ ತೇವ ಹೊರಗೆ ಬರೋಕೆ ದಾರಿ ಇಲ್ದೆ ಹಪ್ಪಳದ ಹಾಗೆ ಎದ್ದು ಬರ್ತದೆ.

ಚಿತ್ರ ಏನು ಬರೆಯೋದು ಅಂತ ಮಕ್ಕಳನ್ನ ಬನವಾಸಿಗೆ ಕರ್ಕೊಂಡು ಹೋಗಿ ಕಲ್ಲುಗಳನ್ನ ತೋರಿಸಿದೆ. ವೀರಗಲ್ಲಲ್ಲಿ ಅಂತಸ್ತು ಇರ್ತದಲ್ಲ, ಕೆಳಗೆ ಅಂವ ಸತ್ತ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗೋದು, ಮೇಲೆ ದೇವರ ಸನ್ನಿಧಿ, ತುದೀಲಿ ಸೂರ್ಯ ಚಂದ್ರ. ಮುಂಬೈ ಬೊರಿವಲಿ ಹತ್ರ ಎಕ್ಸಾರ್ ಅನ್ನೋ ಕಡೆ ವೀರಗಲ್ಲಿನ ಮೇಲೆ ಹಡಗಿನ ಯುದ್ಧವೇ ಅದೆ, ಸಾಲಾಗಿ ಹುಟ್ಟು ಹಾಕೋರು, ಅದರ ಫೋಟೋನೂ ತೋರಿಸಿದೆ. ಸಾವಿರ ವರ್ಷದಿಂದ ನಮ್ಮ ಜನ ಹೋದವರನ್ನ ನೆನೆಯೋಕೆ ಇಟ್ಟುಕೊಂಡ ಅಂತಸ್ತು ಅದು, ಹೊಸದಾಗಿ ನಾವು ಕಂಡುಹಿಡಿಯೋದು ಏನೂ ಇಲ್ಲ. ಮಕ್ಕಳು ಅದನ್ನೇ ತಗೊಂಡ್ರು, ಕೆಳಗೆ ಸಮುದ್ರ, ಅದರಲ್ಲಿ ಬಂಗಡೆ, ತಾರ್ಲೆ, ಶೆಟ್ಲಿ, ನಡುವೆ ನಾಲ್ಕು ದೋಣಿ, ಒಬ್ಬೊಬ್ಬರಿಗೆ ಒಂದೊಂದು, ಮೇಲೆ ಸೂರ್ಯ ಚಂದ್ರ. ಮಗುಚಿದ್ದು ಒಂದೇ ದೋಣಿ ಆದ್ರೂ ಗೋಡೆ ಮೇಲೆ ನಾಲ್ಕು ಇರ್ಲಿ ಅಂದಿದ್ದು ಮಕ್ಕಳೇ. ನಾನು ಹಾಕಿದ ಸ್ಕೆಚ್ ನೋಡಿ ಅವತ್ತು ಸುಮ್ನೆ ಕೂತಿದ್ದ ಆ ಹುಡುಗ, ಈಗ ಅಂವ ಒಂಬತ್ತನೇ ಕ್ಲಾಸು, ಮೊದಲ ಸಲ ಮಾತಾಡಿದ. "ಅಪ್ಪನ ದೋಣಿಗೆ ಇಂಜಿನ್ ಇತ್ತು. ನೀವು ಹಾಕಿಲ್ಲ." ಹೌದು, ನಾನು ಹುಟ್ಟು ಬರೆದಿದ್ದೆ, ಚೆಂದ ಕಾಣ್ತದೆ ಅಂತ. ರಬ್ಬರ್ ತಗೊಂಡು ಅಳಿಸಿ ಅವನ ಕೈಗೆ ಪೆನ್ಸಿಲ್ ಕೊಟ್ಟೆ. ಅಂವ ಇಂಜಿನ್ ಬರೆದ, ಮೇಲಿನ ಕವರ್, ಹಿಡಿಕೆ, ಎಳೆಯೋ ಹಗ್ಗ, ಕೆಳಗೆ ಫ್ಯಾನಿನ ಮೂರು ರೆಕ್ಕೆ ಎಲ್ಲಾ.

ಮೂರು ದೋಣಿಗೆ ಮೂರು ಹೆಸರು ಆಯ್ತು. ನಾಲ್ಕನೇದು?

ಸಿಗದೇ ಇದ್ದವರ ಹೆಂಡತಿ ಒಂದೂ ಮೀಟಿಂಗಿಗೆ ಬಂದಿರಲಿಲ್ಲ. ನಾನು ಮನೆಗೆ ಹೋದೆ. "ಹೆಸರು ಬ್ಯಾಡ. ಬರೆದ್ರೆ ನಾನೇ ಕೊಂದ ಹಂಗೆ ಆಗ್ತದೆ" ಅಂದ್ರು. ಅಷ್ಟೇ ಅಂದಿದ್ದು, ಚಾ ಮಾಡಿ ಕೊಟ್ರು. ನಮ್ಮ ಕಾನೂನಲ್ಲೂ ಸಾಮಾನ್ಯವಾಗಿ ಕಾಣೆಯಾದವರು ಏಳು ವರ್ಷ ಕಾಣದೇ ಇದ್ರೆ ತೀರಿಹೋದ್ರು ಅಂತ ಎಣಿಸೋದು, ಅಲ್ಲಿವರೆಗೆ ಕುಂಕುಮ ಇಡೋದೋ ಬಿಡೋದೋ ಅಂತ ಹೇಳೋರು ಯಾರೂ ಇಲ್ಲ. 2018ರ ಡಿಸೆಂಬರಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಲ್ಲಿ ಏಳು ಜನ ಇದ್ರು, ನಮ್ಮ ಜಿಲ್ಲೆಯವರೂ ಇದ್ರು, 2019ರ ಮೇನಲ್ಲಿ ಮಾಲ್ವಣ ಕಡೆ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಸಿಕ್ತು, ಜನ ಸಿಗಲಿಲ್ಲ. ಆ ಮನೆಗಳಲ್ಲೆಲ್ಲ ಇದೇ ಪ್ರಶ್ನೆ. ದೇಹ ಸಿಕ್ಕ ಮನೇಲಿ ಅಳು ಒಂದು ಕಡೆ ಮುಗೀತದೆ, ಇಲ್ಲಿ ಅಳೋಕೆ ಶುರು ಮಾಡೋದೇ ದ್ರೋಹ ಅನ್ನಿಸ್ತದೆ. ಅಮೆರಿಕಾದ ಪೌಲೀನ್ ಬಾಸ್ ಅನ್ನೋರು ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದವರ ಹೆಂಡಂದಿರ ಜೊತೆ ಕೆಲಸ ಮಾಡಿ ಇದಕ್ಕೇ ಬೇರೆ ಹೆಸರು ಇಟ್ಟಿದಾರೆ, ಹೋದ್ರು ಅಂತ್ಲೂ ಇಲ್ಲ ಇದಾರೆ ಅಂತ್ಲೂ ಇಲ್ಲ, ಅಂಥ ನಷ್ಟ.

ಅದನ್ನ ಓದ್ತಾ ಇದ್ದಾಗಲೇ ನನಗೆ ವಾಷಿಂಗ್ಟನ್‌ನ ವಿಯೆಟ್ನಾಂ ಗೋಡೆ ವಿಷಯ ಸಿಕ್ಕಿದ್ದು. 1982ರಲ್ಲಿ ಕಟ್ಟಿದ್ದು, ಮಾಯಾ ಲಿನ್ ಅನ್ನೋ ಕಾಲೇಜು ಹುಡುಗಿ ಮಾಡಿದ ಡಿಸೈನ್, ಕರಿ ಕಲ್ಲಿನ ಮೇಲೆ 58,000ಕ್ಕೂ ಹೆಚ್ಚು ಹೆಸರು. ಅಲ್ಲಿ ಪ್ರತಿ ಹೆಸರಿನ ಪಕ್ಕ ಒಂದು ಗುರುತು ಅದೆ. ಸತ್ತಿದ್ದು ಖಾತ್ರಿ ಇದ್ರೆ ವಜ್ರದ ಆಕಾರ, ಕಾಣೆಯಾಗಿದ್ರೆ ಕೂಡಿಸೋ ಗುರುತು. ದೇಹ ಸಿಕ್ರೆ ಆ ಕೂಡಿಸೋ ಗುರುತನ್ನೇ ವಜ್ರ ಮಾಡ್ತಾರೆ. ಜೀವಂತ ವಾಪಸ್ ಬಂದ್ರೆ ಅದರ ಸುತ್ತ ಒಂದು ವೃತ್ತ ಹಾಕ್ತಾರೆ. ವೃತ್ತ ಹಾಕೋ ಸಂದರ್ಭ ಬಂದಿಲ್ಲ, ಆದ್ರೆ ಅದಕ್ಕೆ ಅಂತ ಜಾಗ ಇಟ್ಟುಕೊಂಡಿದಾರೆ. ಇದನ್ನ ನಾನು ಆ ಅಕ್ಕನಿಗೆ ಹೇಳಿದೆ. ಬಹಳ ಹೊತ್ತು ಏನೂ ಹೇಳ್ಲಿಲ್ಲ. ಆಮೇಲೆ "ದೋಣಿ ಇರ್ಲಿ. ಒಳಗೆ ಏನೂ ಬರೀಬೇಡಿ" ಅಂದ್ರು. ಸರಿ ಅಂದೆ. ಅದಕ್ಕಿಂತ ಹೆಚ್ಚು ನಾನೂ ಕೇಳ್ಲಿಲ್ಲ.

ಕೆರೆಯೋ ದಿನ. ಕಾವಿ ಕೆಲಸದಲ್ಲಿ ಇದೇ ಕಷ್ಟ, ಬಿಳಿ ಪ್ಲಾಸ್ಟರ್ ಹಸಿ ಇರೋವಾಗಲೇ ಮೇಲೆ ಕೆಮ್ಮಣ್ಣಿನ ತೆಳು ಪದರ ಹಚ್ಚಿ, ನುಣ್ಣಗೆ ತಿಕ್ಕಿ, ಅದು ಗಟ್ಟಿಯಾಗೋದ್ರೊಳಗೆ ಕಂಟ ಅನ್ನೋ ಚೂಪು ಮೊನೆಯ ಸಾಧನದಿಂದ ಕೆರೆದು ಕೆಳಗಿನ ಬಿಳಿ ಕಾಣೋ ಹಾಗೆ ಮಾಡ್ಬೇಕು. ಕೆಲವು ತಾಸು ಅಷ್ಟೇ ಸಿಗೋದು. ಹಾಗಾಗಿ ದಿನಕ್ಕೆ ಒಂದು ದೋಣಿ ಅಂತ ಇಟ್ಕೊಂಡಿದ್ವಿ, ಆಯಾ ದಿನ ಆಯಾ ಮನೆಯವರು. ಮೊದಲ ಮೂರು ದಿನ ಜಾತ್ರೆ ಹಾಗೆ ಜನ. ಆಯಿ ಅಂತೂ ಮಗನ ಹೆಸರು ತಾನೇ ಕೆರೀತೀನಿ ಅಂತ ಕೂತ್ರು, ಅಕ್ಷರ ಬರಲ್ಲ ಅವರಿಗೆ, ಮೊಮ್ಮಗಳು ಕೈ ಹಿಡಿದು ಬರೆಸಿದ್ಲು, ಎರಡನೇ ಅಕ್ಷರ ಸೊಟ್ಟ ಆಯ್ತು. ಸರಿ ಮಾಡ್ಲಾ ಅಂತ ಕೇಳಿದ್ದಕ್ಕೆ ಬ್ಯಾಡ ಅಂದ್ರು. ಇವತ್ತಿಗೂ ಆ ಅಕ್ಷರದ ಮೇಲೆ ಬೆರಳಾಡಿಸಿ ಆಡಿಸಿ ಅಲ್ಲಿ ನುಣ್ಣಗಾಗಿದೆ.

ನಾಲ್ಕನೇ ದಿನ ದೋಣಿಯ ಗೆರೆ ಮಾತ್ರ ಕೆರೆದು, ಒಳಗೆ ಕೆಂಪು ಹಾಗೇ ಬಿಟ್ವಿ. ಮಧ್ಯಾಹ್ನ ಮೂರೂವರೆ ಆಗಿತ್ತು, ಜನ ಊಟಕ್ಕೆ ಹೋಗಿದ್ರು, ನಾನು ಕಂಟ ತೊಳೀತಾ ಇದ್ದೆ. ಆ ಅಕ್ಕ ಬುಟ್ಟಿ ಹೊತ್ತು ಬಂದ್ರು, ಮಾರ್ಕೆಟ್ಟಿಂದ ಸೀದಾ. ಬುಟ್ಟಿ ಕೆಳಗಿಟ್ಟು ಗೋಡೆ ನೋಡಿದ್ರು, ಬೆರಳಿಂದ ಮುಟ್ಟಿದ್ರು. "ಹಸಿ ಅದ್ಯಾ ಇನ್ನೂ?" ಅಂದ್ರು. ಸ್ವಲ್ಪ ಅದೆ ಅಂದೆ. ನನ್ನ ಕೈಯಿಂದ ಕಂಟ ತಗೊಂಡು, ದೋಣಿ ಒಳಗಲ್ಲ, ದೋಣಿಯ ಅಂಚಿಂದ ಕೆಳಗೆ ಸಮುದ್ರದ ಕಡೆ ಬಲೆ ಕಣ್ಣು ಹಾಕೋಕೆ ಶುರು ಮಾಡಿದ್ರು. ಒಂದು ಕಣ್ಣು, ಅದಕ್ಕೆ ಸೇರಿಸಿ ಇನ್ನೊಂದು ಕಣ್ಣು. ಗಂಡನ ಬಲೆ ರಿಪೇರಿ ಮಾಡ್ತಿದ್ದಿದ್ದು ಅವರೇ. ಅಳತೆ ಇಲ್ಲ ಏನಿಲ್ಲ, ಎಲ್ಲಾ ಕಣ್ಣೂ ಒಂದೇ ಸಮ. ನಾನು ಸಹಾಯ ಮಾಡೋಣ ಅಂತ ಪಕ್ಕದಲ್ಲಿ ಒಂದು ಹಾಕಿದ್ರೆ, "ಇಷ್ಟು ದೊಡ್ಡದು ಮಾಡ್ಬೇಡಿ, ಇದು ಬಂಗಡೆ ಬಲೆ" ಅಂದ್ರು. ನಾನು ಕೈ ತೆಗೆದೆ. ಒಂದೂವರೆ ತಾಸು ಕೂತು ಹಾಕಿದ್ರು. ಬರ್ತಾ ಬರ್ತಾ ಕಂಟ ಜಾರೋಕೆ ಶುರುವಾಯ್ತು, ಬಿಳಿ ಬರೋ ಬದಲು ಬರೀ ಗೀರು ಬರ್ತಿತ್ತು. "ಗಟ್ಟಿ ಆಯ್ತು" ಅಂದ್ರು. ಕಂಟ ತೊಳೆದು ನನ್ನ ಕೈಗೆ ಕೊಟ್ಟು, ಬುಟ್ಟಿ ಎತ್ತಿಕೊಂಡು ಹೋದ್ರು. ಬಲೆ ಅರ್ಧಕ್ಕೇ ಉಳೀತು.

ಆಮೇಲೆ ಏನಾಯ್ತು ಅಂತ ಫೋನ್ ಮಾಡಿದವರು ಕೇಳಿದ್ರು, ದುಃಖ ಕಡಿಮೆ ಆಯ್ತಾ ಅಂತ. ಕಡಿಮೆ ಆಯ್ತು ಅಂತ ನಾನು ಹೇಳಲ್ಲ. ಗೋಡೆ ಮಾಡಿದ್ದಕ್ಕೆ ಯಾರ ಮಗನೂ ವಾಪಸ್ ಬರಲಿಲ್ಲ. ಆದ್ರೆ ಅದುವರೆಗೆ ಆ ನಾಲ್ಕು ಮನೆಯವರು ಬೇರೆ ಬೇರೆ ಅಳ್ತಾ ಇದ್ರು, ದೇಹ ಸಿಕ್ಕ ಮನೆಯವರಿಗೆ ಸಿಗದ ಮನೆಗೆ ಹೋಗೋಕೆ ಮುಖ ಇರಲಿಲ್ಲ, ಉಳಿದ ಹುಡುಗನಿಗೆ ಯಾವ ಮನೆಗೂ ಹೋಗೋಕೆ ಮುಖ ಇರಲಿಲ್ಲ. ಒಟ್ಟಿಗೆ ಕುಟ್ಟಿದ ಮೇಲೆ ಹೋಗಿ ಬರೋದು ಶುರುವಾಯ್ತು. ನೂಲು ಹುಣ್ಣಿಮೆ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಡೋ ಮೊದಲು ಈಗ ಗೋಡೆ ಹತ್ರ ಹೂವು ಇಟ್ಟು ಹೋಗ್ತಾರೆ, ಯಾರೂ ಹೇಳಿಕೊಟ್ಟಿದ್ದಲ್ಲ. ಮತ್ತೆ ಇದೂ ಹೇಳ್ಬೇಕು, ಎಲ್ಲಾ ಗೋಡೆಯಿಂದ ಆಗಲ್ಲ. ಒಂದು ಹುಡುಗಿಗೆ ರಾತ್ರಿ ಬೆಚ್ಚಿ ಬೀಳೋದು ನಿಲ್ಲಲೇ ಇಲ್ಲ, ಅವಳಿಗೆ ಡಾಕ್ಟರೇ ಬೇಕಾಯ್ತು, ಔಷಧಿ ಬೇಕಾಯ್ತು. ನಿದ್ದೆ ಊಟ ಬಿಟ್ಟವರು, ಸಾಯೋ ಮಾತಾಡೋರು ಇದ್ರೆ ಸುಣ್ಣ ಕುಟ್ಟಿಸ್ತಾ ಕೂರಬೇಡಿ, ಸರ್ಕಾರದ ಟೆಲಿ ಮಾನಸ್ 14416 ಅದೆ, ಕನ್ನಡದಲ್ಲೇ ಮಾತಾಡ್ತಾರೆ, ಮೊದಲು ಅದಕ್ಕೆ ಹಚ್ಚಿ.

ಗೋಡೆಗೆ ರಿಪೇರಿ ಬರ್ತಾ ಇರ್ತದೆ. ಮಾಡು ಎಷ್ಟು ಇಳಿಸಿದ್ರೂ ನಾಲ್ಕನೇ ದೋಣಿ ಕೆಳಗಿನ ಮೂಲೆಗೆ ನೀರು ಸಿಡೀತದೆ, ಮಳೆಗಾಲ ಮುಗಿಯೋದ್ರೊಳಗೆ ಅಲ್ಲಿ ಒಂದು ಗೇಣಷ್ಟು ಪ್ಲಾಸ್ಟರ್ ಉದುರ್ತದೆ. ಮೊದಲ ವರ್ಷ ನಾನು ಅಜ್ಜನಿಗೆ ಹೇಳಿಕಳಿಸಿ ಸರಿ ಮಾಡಿಸ್ಬೇಕು ಅಂತ ಇದ್ದೆ. ಅಷ್ಟರಲ್ಲಿ ಒಂದು ಸಂಜೆ ಆ ಅಕ್ಕ ಶಾಲೆ ಬಿಡೋ ಹೊತ್ತಿಗೆ ಗೇಟ್ ಹತ್ರ ನಿಂತಿದ್ರು. "ಅಕ್ಕೋರೆ, ಸುಣ್ಣ ಉಳಿದದ್ಯಾ?" ಅಂದ್ರು. ಉಳಿದಿತ್ತು. ಅವರೇ ಗೋಡೆ ನೆನೆಸಿ, ಅವರೇ ಹಚ್ಚಿ, ಕೆಂಪು ತಿಕ್ಕಿ, ಆ ಗೇಣು ಜಾಗದಲ್ಲಿ ಹಳೇ ಬಲೆಗೆ ಸೇರಿಸಿ ಆರು ಕಣ್ಣು ಹಾಕಿದ್ರು. ಮುಂದಿನ ವರ್ಷವೂ ಬಂದ್ರು, ಈ ವರ್ಷವೂ ಬಂದ್ರು.

ಅದಕ್ಕೇ ಅಂಕೋಲಾದವರಿಗೆ ಕೊನೇದಾಗಿ ಇದೊಂದು ಹೇಳಿಬಿಡ್ತೀನಿ, ಗೋಡೆ ಮುಗೀತು ಅಂತ ಸುಣ್ಣ ಖಾಲಿ ಮಾಡ್ಬೇಡಿ. ಮರಳು ಸೇರಿಸದ ಬರೀ ಸುಣ್ಣವನ್ನ ಒಂದು ಮಣ್ಣಿನ ಹರವೀಲಿ ಎತ್ತಿಟ್ಟು, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ನೀರು ಆರದ ಹಾಗೆ ನೋಡಿಕೊಂಡ್ರೆ ವರ್ಷಗಟ್ಟಲೆ ಕೆಡೋದಿಲ್ಲ.